ನಾಡಿ ಹೇಳುವುದೆಷ್ಟು?

ಕನ್ನಡದಲ್ಲಿ ಸಿಟ್ಟು ನೆತ್ತಿಗೇರುತ್ತದೆ. ಹೆದರಿಕೆಗೆ ಎದೆ ಝಲ್ಲೆನ್ನುತ್ತದೆ. ಮತ್ಸರಕ್ಕೆ ಹೊಟ್ಟೆ ಉರಿಯುತ್ತದೆ. ಮಕ್ಕಳ ಸಂಕಟ ಕಂಡರೆ ಕರುಳು ಚುರ್ರೆನ್ನುತ್ತದೆ. ಉರ್ದುವಿನಲ್ಲಿ ಕೋಪಕ್ಕೆ ಖೂನ್ ಕುದಿಯುತ್ತದೆ, ನಿರಾಸೆಗೆ ದಿಲ್ ಕುಸಿದು ಕೂರುತ್ತದೆ, ಗಾಬರಿಗೆ ಕಲೇಜಾ ಬಾಯಿಗೆ ಬರುತ್ತದೆ. ಧೈರ್ಯವಂತನಿಗೆ ಕನ್ನಡದಲ್ಲಿ ಎದೆಗಾರಿಕೆ ಇದ್ದರೆ ಉರ್ದುವಿನಲ್ಲಿ ಜಿಗರ್ ಇರುತ್ತದೆ. ಒಂದು ಭಾಷೆ ಎದೆಯಲ್ಲಿಟ್ಟದ್ದನ್ನು ಇನ್ನೊಂದು ಯಕೃತ್ತಿನಲ್ಲಿ ಇಟ್ಟಿದೆ ಅಷ್ಟೇ. ಮನಸ್ಸಿನಲ್ಲಿ ಆಗುವುದು ಮೈಯಲ್ಲಿಯೂ ಆಗುತ್ತದೆ ಎಂಬುದರಲ್ಲಿ ಎರಡೂ ಭಾಷೆಗಳಿಗೆ ಅನುಮಾನವಿಲ್ಲ.

ಕಥೆ ಬರೆಯುವ ನಮ್ಮಂಥವರು ದಿನವೂ ಈ ಬಂಡವಾಳದಿಂದಲೇ ವ್ಯಾಪಾರ ಮಾಡುವವರು. ಪಾತ್ರಕ್ಕೆ ಭಯವಾಯಿತು ಎಂದು ಬರೆದರೆ ಓದುಗರು ನಂಬುವುದಿಲ್ಲ. ಅವಳ ಅಂಗೈ ಬೆವರಿತು ಎಂದರೆ ನಂಬುತ್ತಾರೆ. ಆದರೆ ಬೆವರಿದ ಅಂಗೈ ಭಯವನ್ನೇ ಹೇಳುತ್ತದೆಯೇ? ಸಂತೋಷಕ್ಕೂ ಬೆವರಬಹುದು, ನಾಚಿಕೆಗೂ ಬೆವರಬಹುದು. ಮೈ ನೀಡುವ ಈ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆ ಸುಮಾರು ಎರಡು ಸಾವಿರ ವರ್ಷಗಳಿಂದ ವೈದ್ಯರನ್ನು, ದಾರ್ಶನಿಕರನ್ನು, ಕೊನೆಗೆ ಪೊಲೀಸರನ್ನೂ ನ್ಯಾಯಾಧೀಶರನ್ನೂ ಕಾಡಿದೆ. ಅದರ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಈ ಲೇಖನದ ಉದ್ದೇಶ.

ರೋಮ್ ನಗರದ ನಿದ್ದೆಗೆಟ್ಟ ಹೆಂಗಸು

ಕ್ರಿ.ಶ. ಎರಡನೆಯ ಶತಮಾನ. ಇಂದಿನ ತುರ್ಕಿಯಲ್ಲಿರುವ ಪರ್ಗಮಮ್ ಊರಿನ ಗ್ಯಾಲೆನ್ ರೋಮಿನಲ್ಲಿ ವೈದ್ಯನಾಗಿದ್ದ. ನಮ್ಮ ಹಕೀಮರು ಜಾಲೀನೂಸ್ ಎಂದು ಕರೆಯುವುದು ಇವನನ್ನೇ. ಜಸ್ಟಸ್ ಎಂಬವನ ಹೆಂಡತಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲವೆಂದು ಇವನನ್ನು ಕರೆಸಿದರು. ಜ್ವರವಿರಲಿಲ್ಲ. ಕೇಳಿದ ಪ್ರಶ್ನೆಗಳಿಗೆ ಆಕೆ ಅರೆಮನಸ್ಸಿನಿಂದ ಉತ್ತರಿಸಿ, ಕೊನೆಗೆ ಮುಸುಕೆಳೆದುಕೊಂಡು ಮಗ್ಗುಲು ತಿರುಗಿದಳು. ಒಂದೋ ದೇಹದ ದೋಷ, ಇಲ್ಲವೇ ಹೇಳಿಕೊಳ್ಳಲಾಗದ ಯಾವುದೋ ನೋವು ಎಂದು ಗ್ಯಾಲೆನ್ ಲೆಕ್ಕ ಹಾಕಿದ.

ಒಂದು ದಿನ ಅವನು ಅಲ್ಲಿರುವಾಗಲೇ ರಂಗಮಂದಿರದಿಂದ ಬಂದ ಯಾರೋ, ಪಿಲೇಡಿಸ್ ಎಂಬ ನರ್ತಕ ಕುಣಿಯುವುದನ್ನು ನೋಡಿ ಬಂದೆನೆಂದರು. ಆಕೆಯ ಮುಖದ ಬಣ್ಣ ಬದಲಾಯಿತು. ಗ್ಯಾಲೆನ್ ಕೂಡಲೇ ಮಣಿಕಟ್ಟು ಹಿಡಿದ. ನಾಡಿ ತಾಳ ತಪ್ಪಿತ್ತು.

ಬೇರೆ ವೈದ್ಯನಾಗಿದ್ದರೆ ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತಿದ್ದ. ಗ್ಯಾಲೆನ್ ಹಾಗೆ ಮಾಡಲಿಲ್ಲ. ಮರುದಿನ ತನ್ನವನೊಬ್ಬನಿಗೆ ಹೇಳಿಕೊಟ್ಟು, ಇನ್ನೊಬ್ಬ ನರ್ತಕನ ಹೆಸರು ಹೇಳಿಸಿದ. ನಾಡಿ ಅಲುಗಲಿಲ್ಲ. ಅದರ ಮರುದಿನ ಮೂರನೆಯವನ ಹೆಸರು. ಆಗಲೂ ಇಲ್ಲ. ನಾಲ್ಕನೆಯ ಸಲ ಮತ್ತೆ ಪಿಲೇಡಿಸನ ಹೆಸರು ಬಂದಾಗ ನಾಡಿ ಮತ್ತೆ ಕೆಟ್ಟಿತು. ಆಮೇಲೆಯೇ ಅವನು ರೋಗದ ಮೂಲವನ್ನು ನಿರ್ಧರಿಸಿದ್ದು. ಇಂದಿನ ಪ್ರಯೋಗಾಲಯಗಳಲ್ಲಿ ಹೋಲಿಕೆಗಾಗಿ ಮಾಡುವ ಪರೀಕ್ಷೆಯ ಕ್ರಮ ಇದರಲ್ಲಿದೆ.

ಇದೇ ಪುಸ್ತಕದಲ್ಲಿ ಗ್ಯಾಲೆನ್ ಇನ್ನೊಂದು ಪ್ರಸಂಗ ಹೇಳುತ್ತಾನೆ. ಒಬ್ಬ ಶ್ರೀಮಂತನ ಲೆಕ್ಕಪತ್ರ ನೋಡುತ್ತಿದ್ದ ಗುಲಾಮ ನಿದ್ದೆಗೆಟ್ಟು ಸೊರಗುತ್ತಿದ್ದ. ಲೆಕ್ಕ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು, ಹಣ ಕಡಿಮೆ ಬಿದ್ದಿತ್ತು. ಗ್ಯಾಲೆನ್ ಒಡೆಯನಿಗೆ ವಿಷಯ ತಿಳಿಸಿದ; ಲೆಕ್ಕ ಕೇಳುವುದಿಲ್ಲವೆಂದು ಒಡೆಯ ಭರವಸೆ ಕೊಟ್ಟ ಮೇಲೆ ಆ ಮನುಷ್ಯ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಒಬ್ಬಳದು ಪ್ರೇಮ, ಇನ್ನೊಬ್ಬನದು ಲೆಕ್ಕದ ಹೆದರಿಕೆ. ಮೈಮೇಲಿನ ಲಕ್ಷಣಗಳು ಮಾತ್ರ ಒಂದೇ ಬಗೆಯವು. ಪ್ರೇಮಕ್ಕೆಂದೇ ಪ್ರತ್ಯೇಕವಾದ ನಾಡಿಯೆಂಬುದು ಇಲ್ಲ, ಕಲಕಿದ ಮನಸ್ಸಿನ ನಾಡಿ ಮಾತ್ರ ಇದೆ ಎಂದು ಗ್ಯಾಲೆನ್ ಒತ್ತಿ ಹೇಳಿದ್ದು ಇದಕ್ಕಾಗಿಯೇ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದು ಬೇಕಾಗುತ್ತದೆ.

ಗ್ಯಾಲೆನ್‌ಗಿಂತ ಮುಂಚೆಯೂ ಇಂಥ ಕಥೆಯೊಂದು ಪ್ರಚಾರದಲ್ಲಿತ್ತು. ಸೆಲ್ಯೂಕಸ್ ದೊರೆಯ ಮಗ ಆಂಟಿಯೋಕಸ್ ತನ್ನ ಮಲತಾಯಿಯನ್ನು ಪ್ರೀತಿಸಿ ಹಾಸಿಗೆ ಹಿಡಿದಾಗ, ಆಕೆ ಕೋಣೆಗೆ ಬಂದೊಡನೆ ನಾಡಿ ಹಾರುವುದನ್ನು ಗಮನಿಸಿ ಎರಸಿಸ್ಟ್ರೇಟಸ್ ಎಂಬ ವೈದ್ಯ ಗುಟ್ಟು ಪತ್ತೆ ಮಾಡಿದನಂತೆ. ಈ ಸೆಲ್ಯೂಕಸ್ ಯಾರೆಂದರೆ ಮೌರ್ಯ ಚಂದ್ರಗುಪ್ತನೊಡನೆ ಒಪ್ಪಂದ ಮಾಡಿಕೊಂಡವನು. ಆ ಚಂದ್ರಗುಪ್ತನೇ ನಮ್ಮ ಶ್ರವಣಬೆಳಗೊಳಕ್ಕೆ ಬಂದು ದೇಹ ಬಿಟ್ಟನೆಂದು ಜೈನ ಪರಂಪರೆ ನಂಬುತ್ತದೆ. ಕಥೆಯನ್ನು ಹೇಳಿದ ಪ್ಲುಟಾರ್ಕ್ ಮೊದಲಾದವರು ಘಟನೆಯ ಎಷ್ಟೋ ಕಾಲದ ಮೇಲೆ ಬಂದವರಾದ್ದರಿಂದ ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಕಥೆ ಸಾಯಲಿಲ್ಲ. ಅದು ಪೂರ್ವಕ್ಕೆ ಪ್ರಯಾಣ ಬೆಳೆಸಿತು.

ಬಾಗ್ದಾದಿನಿಂದ ಬಲ್ಖ್‌ಗೆ

ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಗ್ಯಾಲೆನ್‌ನ ಪುಸ್ತಕಗಳನ್ನು ಸಿರಿಯಾಕ್ ಮತ್ತು ಅರಬಿಗೆ ತಂದವರಲ್ಲಿ ಅಗ್ರಗಣ್ಯನಾದವನು ಹುನೈನ್ ಇಬ್ನ್ ಇಸ್‌ಹಾಕ್ (809-873). ಈತ ಹೀರಾ ಪಟ್ಟಣದ ಕ್ರೈಸ್ತ. ಗ್ರೀಕ್ ವಿದ್ಯೆ, ಕ್ರೈಸ್ತ ಅನುವಾದಕ, ಮುಸ್ಲಿಮ್ ಪೋಷಕರು, ಅರಬಿ ಭಾಷೆ - ಹೀಗೆ ಹಲವು ಕೈಗಳು ಸೇರಿ ಕಟ್ಟಿದ್ದನ್ನು ನಾವು ಇಂದು 'ಯುನಾನಿ' ಎಂದು ಕರೆಯುತ್ತೇವೆ. ಯುನಾನ್ ಎಂದರೆ ಗ್ರೀಸ್. ಹೆಸರಿನಲ್ಲೇ ಋಣವನ್ನು ಒಪ್ಪಿಕೊಂಡ ವೈದ್ಯಪದ್ಧತಿ ಇದು.

ಈ ಪರಂಪರೆಯಲ್ಲಿ ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಬ್ಬ ವ್ಯಕ್ತಿ ಇದ್ದಾನೆ. ಅಬೂ ಝೈದ್ ಅಲ್ ಬಲ್ಖೀ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದವನು, 934ರಲ್ಲಿ ತೀರಿಕೊಂಡವನು. ಭೂಪಟಗಳ ಚರಿತ್ರೆಯಲ್ಲಿ ಇವನ ಹೆಸರಿನದೇ ಒಂದು ಪಂಥವಿದೆ. ಇವನು ಬರೆದ 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಕೃತಿಯ ಹೆಸರೇ ಅದರ ವಾದವನ್ನು ಹೇಳುತ್ತದೆ: ದೇಹಗಳ ಮತ್ತು ಮನಸ್ಸುಗಳ ಹಿತ. ಮೊದಲ ಭಾಗ ದೇಹದ್ದು, ಎರಡನೆಯದು ಮನಸ್ಸಿನದು. ಕೋಪ, ಭಯ, ದುಃಖ, ಬಿಡದೆ ಕಾಡುವ ಕೆಟ್ಟ ಯೋಚನೆ ಅಂದರೆ ವಸ್ವಾಸ್ - ಇವುಗಳಿಗೆ ಅವನು ಪ್ರತ್ಯೇಕ ಅಧ್ಯಾಯಗಳನ್ನು ಕೊಟ್ಟಿದ್ದಾನೆ.

ಬಲ್ಖಿಯ ದೂರು ಏನೆಂದರೆ, ವೈದ್ಯರು ದೇಹದ ಬಗ್ಗೆ ಬರೆದು ಮನಸ್ಸನ್ನು ಬಿಟ್ಟುಬಿಡುತ್ತಾರೆ. ಆದರೆ ಮನುಷ್ಯ ಈ ಎರಡರಿಂದಲೂ ಆದವನು. ದೇಹ ಕೆಟ್ಟಾಗ ಮನಸ್ಸಿಗೆ ತನ್ನ ಕೆಲಸ ಮಾಡಲಾಗದು, ಮನಸ್ಸು ನೊಂದಾಗ ದೇಹಕ್ಕೆ ಯಾವ ಸುಖವೂ ರುಚಿಸದು. ದುಃಖವನ್ನು ಅವನು ಎರಡಾಗಿ ವಿಂಗಡಿಸಿದ. ಪ್ರೀತಿಪಾತ್ರರು ಸತ್ತದ್ದರಿಂದಲೋ ಸೊತ್ತು ಕಳೆದದ್ದರಿಂದಲೋ ಬರುವ, ಕಾರಣ ಗೊತ್ತಿರುವ ದುಃಖ ಒಂದು. ಕಾರಣವೇ ತಿಳಿಯದೆ ಆವರಿಸಿಕೊಳ್ಳುವ ದುಃಖ ಇನ್ನೊಂದು. ಎರಡನೆಯದರ ಮೂಲ ದೇಹದಲ್ಲಿ, ರಕ್ತದ ಸ್ಥಿತಿಯಲ್ಲಿ ಇದೆ. ಅದಕ್ಕೆ ಔಷಧವೂ ಬೇಕು, ಮಾತಿನ ಸಾಂತ್ವನವೂ ಬೇಕು ಎಂದ. ಮನೆಯಲ್ಲಿ ಮೈಗೆ ಬೇಕಾದ ಮದ್ದನ್ನು ಮೊದಲೇ ತಂದಿಟ್ಟುಕೊಳ್ಳುವಂತೆ, ಮನಸ್ಸು ಚೆನ್ನಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬುದು ಅವನ ಸಲಹೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕಾಗಿದೆ. ನಮ್ಮ ಮನೆಗಳಲ್ಲಿ ಯಾರಾದರೂ ತಿಂಗಳುಗಟ್ಟಲೆ ಮಂಕಾಗಿ ಕುಳಿತರೆ ಈಮಾನ್ ಸಡಿಲವಾಗಿದೆ ಎನ್ನುವ ಹಿರಿಯರು ಇದ್ದಾರೆ. ಬಲ್ಖಿ ಒಬ್ಬ ಧರ್ಮನಿಷ್ಠ ವಿದ್ವಾಂಸ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅವನು ಅದನ್ನು ಪಾಪವೆನ್ನಲಿಲ್ಲ, ಕಾಯಿಲೆ ಎಂದ. ಮಗನನ್ನು ಕಳೆದುಕೊಂಡ ಯಾಕೂಬ್ ಪ್ರವಾದಿಯ ಕಣ್ಣುಗಳು ದುಃಖದಿಂದಲೇ ಬೆಳ್ಳಗಾದವೆಂದು ಕುರ್‌ಆನ್ ಹೇಳುತ್ತದೆ. ಪ್ರವಾದಿಯ ಕಣ್ಣೇ ದುಃಖಕ್ಕೆ ಹೋಯಿತೆಂದ ಮೇಲೆ, ಸಾಮಾನ್ಯರ ಎದೆಭಾರಕ್ಕೆ ನಂಬಿಕೆಯ ಕೊರತೆ ಕಾರಣವೆನ್ನುವುದು ಯಾವ ನ್ಯಾಯ?

ಇಬ್ನ್ ಸೀನಾನ ಹಲಗೆ

ಬಲ್ಖಿ ತೀರಿಕೊಂಡ ಅರ್ಧ ಶತಮಾನದೊಳಗೆ, 980ರಲ್ಲಿ, ಬುಖಾರಾದ ಹತ್ತಿರ ಇಬ್ನ್ ಸೀನಾ ಹುಟ್ಟಿದ. ಅವನ 'ಅಲ್ ಕಾನೂನ್' ಮುಂದೆ ಹಲವು ಶತಮಾನಗಳ ಕಾಲ ಪೂರ್ವದಲ್ಲೂ ಯುರೋಪಿನಲ್ಲೂ ವೈದ್ಯರ ಪಠ್ಯವಾಯಿತು. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿ ಪದ್ಧತಿ ಪಟ್ಟಿ ಮಾಡುತ್ತದೆ: ಗಾಳಿ, ಅನ್ನ ಮತ್ತು ನೀರು, ಮೈಯ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಗಾಳಿ, ನೀರುಗಳ ಸಾಲಿನಲ್ಲಿಯೇ ಕೋಪ, ಸಂತೋಷ, ದುಃಖಗಳೂ ಕುಳಿತಿವೆ ಎಂಬುದು ಗಮನಾರ್ಹ.

ಭಾವನೆ ಮೈಯಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಇಬ್ನ್ ಸೀನಾ ಒಂದು ವಿವರಣೆ ಕೊಟ್ಟ. ಹೃದಯದಲ್ಲಿ ಹುಟ್ಟಿ ಮೈಯೆಲ್ಲ ಹರಿಯುವ ಸೂಕ್ಷ್ಮ ಆವಿಯೊಂದಿದೆ. ಹಕೀಮರು ಇದನ್ನೂ ರೂಹ್ ಎನ್ನುತ್ತಾರೆ. ಧರ್ಮಗ್ರಂಥಗಳ ರೂಹ್ ಬೇರೆ, ಇದು ಬೇರೆ. ಕೋಪದಲ್ಲಿ ಇದು ಮೈಯ ಬಿಸಿಯೊಡನೆ ಥಟ್ಟನೆ ಹೊರಕ್ಕೆ ನುಗ್ಗುತ್ತದೆ, ಮುಖ ಕೆಂಪಾಗುತ್ತದೆ. ಸಂತೋಷದಲ್ಲಿ ಮೆಲ್ಲನೆ ಹೊರಕ್ಕೆ ಬರುತ್ತದೆ. ಭಯದಲ್ಲಿ ಥಟ್ಟನೆ ಒಳಕ್ಕೆ ಓಡುತ್ತದೆ, ಮುಖ ಬಿಳಿಚಿ ಕೈಕಾಲು ತಣ್ಣಗಾಗುತ್ತವೆ. ದುಃಖದಲ್ಲಿ ಮೆಲ್ಲಮೆಲ್ಲನೆ ಒಳಕ್ಕೆ ಇಳಿಯುತ್ತದೆ. ನಾಚಿಕೆಯಲ್ಲಿ ಮೊದಲು ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತದೆ. ಆವಿಯ ಲೆಕ್ಕವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ರಕ್ತ ಎತ್ತ ಹರಿಯುತ್ತದೆ, ಎಷ್ಟು ವೇಗವಾಗಿ ಎಂಬುದನ್ನು ಅವನು ಮುಖದ ಮೇಲೆ ಓದಿಕೊಂಡದ್ದು ತಪ್ಪಾಗಿರಲಿಲ್ಲ.

ಅವನ ಇನ್ನೊಂದು ಉದಾಹರಣೆ ಇನ್ನೂ ಸೊಗಸಾದದ್ದು. ನೆಲದ ಮೇಲೆ ಹಾಸಿದ ಹಲಗೆಯ ಮೇಲೆ ಯಾರು ಬೇಕಾದರೂ ನಡೆಯಬಲ್ಲರು. ಅದೇ ಹಲಗೆಯನ್ನು ಕಂದರಕ್ಕೆ ಅಡ್ಡಲಾಗಿ ಸೇತುವೆಯಂತೆ ಇಟ್ಟರೆ ಕಾಲು ನಡುಗುತ್ತದೆ. ಹಲಗೆ ಅದೇ, ಕಾಲೂ ಅದೇ. ಬೀಳುವ ಚಿತ್ರ ಮನಸ್ಸಿನಲ್ಲಿ ಮೂಡಿದ್ದೇ ತಡ, ಮೈ ಅದನ್ನು ಪಾಲಿಸುತ್ತದೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಹಳ್ಳದ ಮೇಲೆ ಅಡಕೆ ಮರದ ಸಂಕ ದಾಟಿದವರೆಲ್ಲರೂ ಇಬ್ನ್ ಸೀನಾನ ಪಾಠವನ್ನು ಕಾಲಿನಿಂದಲೇ ಓದಿದವರು.

ಅಚ್ಚರಿಯೆಂದರೆ, ಇದೇ ಇಬ್ನ್ ಸೀನಾ ದಾರ್ಶನಿಕನಾಗಿ ಆತ್ಮ ದೇಹಕ್ಕಿಂತ ಬೇರೆಯೆಂದು ವಾದಿಸಿದವನು. ಶೂನ್ಯದಲ್ಲಿ ತೇಲುತ್ತಿರುವ, ಯಾವ ಇಂದ್ರಿಯವೂ ಏನನ್ನೂ ಮುಟ್ಟದ ಮನುಷ್ಯನಿಗೂ ತಾನಿದ್ದೇನೆಂಬ ಅರಿವು ಇರುತ್ತದೆ ಎಂಬುದು ಅವನ ಹೆಸರಾಂತ ಊಹಾಪ್ರಯೋಗ. ಗ್ರಂಥ ಬರೆಯುವಾಗ ಎರಡನ್ನೂ ಬೇರ್ಪಡಿಸಿದವನು, ರೋಗಿಯ ಕೈ ಹಿಡಿದಾಗ ಬೇರ್ಪಡಿಸಲಿಲ್ಲ.

'ಕಾನೂನ್'ನಲ್ಲಿ ಇಶ್ಕ್ ಕೂಡ ಒಂದು ಕಾಯಿಲೆ. ಗುಳಿಬಿದ್ದ ಒಣ ಕಣ್ಣು, ನಿಲ್ಲದ ರೆಪ್ಪೆ, ಸೊರಗಿದ ಮೈ, ತಾಳ ತಪ್ಪಿದ ನಾಡಿ ಅದರ ಲಕ್ಷಣಗಳು. ರೋಗಿ ಹೆಸರು ಹೇಳದಿದ್ದರೆ ನಾಡಿಯ ಮೇಲೆ ಬೆರಳಿಟ್ಟು ಹೆಸರುಗಳನ್ನು, ಬೀದಿಗಳನ್ನು, ಕಸುಬುಗಳನ್ನು ಒಂದೊಂದಾಗಿ ಹೇಳುತ್ತ ಹೋಗಬೇಕು. ನಾಡಿ ಪದೇ ಪದೇ ಎಲ್ಲಿ ಕೆಡುತ್ತದೆಯೋ ಅಲ್ಲಿ ಉತ್ತರವಿದೆ. ಇದನ್ನು ತಾನೇ ಮಾಡಿ ನೋಡಿದ್ದೇನೆಂದು ಅವನು ಬರೆದಿದ್ದಾನೆ. ಧರ್ಮಸಮ್ಮತವಾಗಿ ಇಬ್ಬರನ್ನೂ ಸೇರಿಸಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಮದ್ದಿಲ್ಲ ಎಂಬುದು ಅವನ ಅಭಿಪ್ರಾಯ.

ಹನ್ನೆರಡನೆಯ ಶತಮಾನದ ಪಾರಸಿ ಲೇಖಕ ನಿಝಾಮಿ ಅರೂಝಿ 'ಚಹಾರ್ ಮಕಾಲಾ' ಕೃತಿಯಲ್ಲಿ ಇದನ್ನೇ ರಸವತ್ತಾಗಿ ಹೇಳಿ, ಗುರ್ಗಾನ್ ಪಟ್ಟಣದ ರಾಜಮನೆತನದ ಯುವಕನೊಬ್ಬನ ಕಥೆಯಾಗಿಸಿದ. ಅದೇ ಪುಸ್ತಕದಲ್ಲಿ ಅಲ್ ರಾಝಿಯ ಕಥೆಯೂ ಇದೆ. ಕೀಲುಗಳು ಹಿಡಿದು ಏಳಲಾರದ ಅಮೀರನನ್ನು ರಾಝಿ ಬಿಸಿನೀರಿನ ಹಮಾಮಿಗೆ ಒಯ್ದು, ಬೈದು, ಕತ್ತಿ ತೋರಿಸಿ ಹೆದರಿಸಿದನಂತೆ. ಕೋಪದಿಂದ ಅಮೀರ ಎದ್ದು ನಿಂತ. ರಾಝಿ ಮೊದಲೇ ಸಿದ್ಧವಾಗಿಟ್ಟಿದ್ದ ಕುದುರೆ ಹತ್ತಿ ಪಾರಾದ. ಅಮೀರ ಮನ್ಸೂರನ ಆಳ್ವಿಕೆ ಶುರುವಾಗುವುದಕ್ಕೆ ದಶಕಗಳ ಮೊದಲೇ ರಾಝಿ ತೀರಿಕೊಂಡಿದ್ದ, ಹಾಗಾಗಿ ಇದು ಇತಿಹಾಸವಾಗಲಾರದು. ಆದರೆ ಕೋಪಕ್ಕೆ ಮೈಯನ್ನು ಎಬ್ಬಿಸುವ ಶಕ್ತಿಯಿದೆ ಎಂದು ಆ ಕಾಲ ನಂಬಿತ್ತೆಂಬುದಕ್ಕೆ ಕಥೆಯೇ ಸಾಕ್ಷಿ. ಮೌಲಾನಾ ರೂಮಿ ತನ್ನ 'ಮಸ್ನವಿ'ಯ ಮೊದಲ ಕಥೆಗೆ ಆರಿಸಿಕೊಂಡದ್ದು ಕೂಡ ನಾಡಿ ಹಿಡಿದು ಪ್ರೇಮಿಯ ಊರು ಪತ್ತೆಹಚ್ಚುವ ವೈದ್ಯನನ್ನೇ.

ಭರತನ ಬೆವರು

ಈ ಚಿಂತನೆ ನಮ್ಮ ನೆಲದಲ್ಲಿ ವೈದ್ಯರಿಗಿಂತ ನಟರ ನಡುವೆ ಸೂಕ್ಷ್ಮವಾಗಿ ಬೆಳೆಯಿತು. ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮೈ ಮರಗಟ್ಟುವುದು, ಬೆವರು, ನವಿರೇಳುವುದು, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಕೈಯನ್ನು ಎತ್ತಿದಂತೆ ಕಣ್ಣೀರನ್ನು ಬೇಕೆಂದಾಗ ತರಲಾಗದು. ಮನಸ್ಸು ಏಕಾಗ್ರವಾಗಿ ಆ ಸ್ಥಿತಿಯೊಳಗೆ ಹೋದಾಗ ಮಾತ್ರ ಮೈ ಹಾಗೆ ಸ್ಪಂದಿಸುತ್ತದೆ ಎಂಬುದು ಅಲ್ಲಿನ ವಿವರಣೆ.

ಇನ್ನೂ ಮುಖ್ಯವಾದದ್ದು, ಭರತ ಒಂದೊಂದು ಲಕ್ಷಣಕ್ಕೂ ಹಲವು ಕಾರಣಗಳನ್ನು ಕೊಡುತ್ತಾನೆ. ಬೆವರು ಕೋಪದಿಂದಲೂ ಬರಬಹುದು, ಭಯದಿಂದಲೂ, ಹರ್ಷದಿಂದಲೂ, ಲಜ್ಜೆಯಿಂದಲೂ, ದುಡಿಮೆಯ ದಣಿವಿನಿಂದಲೂ, ಬಿಸಿಲಿನಿಂದಲೂ ಬರಬಹುದು. ಪ್ರೇಕ್ಷಕ ಬೆವರನ್ನು ಮಾತ್ರ ನೋಡಿ ರಸವನ್ನು ತಿಳಿಯಲಾರ. ಸಂದರ್ಭ ಬೇಕು. ರೋಮಿನ ವೈದ್ಯ ನಾಡಿಯ ಬಗ್ಗೆ ಹೇಳಿದ್ದನ್ನೇ ನಮ್ಮ ನಾಟ್ಯಶಾಸ್ತ್ರಜ್ಞ ಬೆವರಿನ ಬಗ್ಗೆ ಹೇಳಿದ್ದಾನೆ.

ಮೊದಲು ನಡುಕವೋ, ಮೊದಲು ಭಯವೋ?

ಯುರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ದೆಕಾರ್ತ್ ಮನಸ್ಸನ್ನೂ ದೇಹವನ್ನೂ ಎರಡು ಬೇರೆ ವಸ್ತುಗಳೆಂದು ಕಡಿದು ಹೇಳಿದ. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಅವನಿಗೆ ಪತ್ರ ಬರೆದು ನೇರವಾಗಿ ಕೇಳಿದಳು: ಮೈಯೇ ಇಲ್ಲದ ಆತ್ಮ ಮೈಯನ್ನು ಹೇಗೆ ಅಲುಗಿಸುತ್ತದೆ? ದೇಶಭ್ರಷ್ಟವಾದ ಮನೆತನದ ಹೆಣ್ಣುಮಗಳು ಆಕೆ. ಕೆಲಕಾಲದ ಮೇಲೆ ಅವಳಿಗೆ ಸಣ್ಣ ಜ್ವರ, ಒಣಕೆಮ್ಮು ಹಿಡಿದಾಗ, ಇಂಥ ಜ್ವರಕ್ಕೆ ಸಾಮಾನ್ಯವಾಗಿ ದುಃಖವೇ ಕಾರಣವೆಂದು ದೆಕಾರ್ತ್ ತಾನೇ ಬರೆಯಬೇಕಾಯಿತು. ಈ ಪತ್ರವ್ಯವಹಾರದಿಂದಲೇ ಅವನ ಭಾವೋದ್ವೇಗಗಳ ಕುರಿತ ಪುಸ್ತಕ 1649ರಲ್ಲಿ ಹೊರಬಂತು. ರಾಜಕುಮಾರಿಯ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಮಾತ್ರ ಇಂದಿಗೂ ಸಿಕ್ಕಿಲ್ಲ.

1872ರಲ್ಲಿ ಡಾರ್ವಿನ್ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟಣೆಯ ಬಗ್ಗೆ ಪುಸ್ತಕ ಬರೆದ. ಅದಕ್ಕಾಗಿ ಲೋಕದ ನಾನಾ ಕಡೆಗೆ ಪ್ರಶ್ನಾವಳಿ ಕಳಿಸಿದ್ದ. ಕಲ್ಕತ್ತೆಯ ಸಸ್ಯೋದ್ಯಾನದಿಂದಲೂ ಅವನಿಗೆ ಉತ್ತರ ಬಂದಿತ್ತು. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಎಲ್ಲರ ನಂಬಿಕೆಯನ್ನೂ ತಲೆಕೆಳಗು ಮಾಡಿದ. ನಾವು ಕರಡಿಯನ್ನು ಕಂಡು, ಹೆದರಿ, ಆಮೇಲೆ ಓಡುತ್ತೇವೆ ಎಂದುಕೊಂಡಿದ್ದೇವೆ. ಜೇಮ್ಸ್ ಪ್ರಕಾರ ಮೊದಲು ಮೈ ನಡುಗುತ್ತದೆ, ಕಾಲು ಓಡುತ್ತದೆ. ಆ ನಡುಕವನ್ನು ಮನಸ್ಸು ಅನುಭವಿಸುವುದೇ ಭಯ. ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರುವರ್ಷವೇ ಸ್ವತಂತ್ರವಾಗಿ ಇದನ್ನೇ ಹೋಲುವ ವಾದ ಮಂಡಿಸಿದ.

ಇದನ್ನು ಒಪ್ಪದವನು ಹಾರ್ವರ್ಡಿನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್. ಭಯದಲ್ಲೂ ಕೋಪದಲ್ಲೂ ಅಡ್ರಿನಲಿನ್ ಸ್ರಾವ ಹೆಚ್ಚಿ, ಹೃದಯ ವೇಗವಾಗಿ ಬಡಿದು, ಜೀರ್ಣಕ್ರಿಯೆ ನಿಂತು, ಮೈ ಹೋರಾಟಕ್ಕೋ ಓಟಕ್ಕೋ ಅಣಿಯಾಗುತ್ತದೆ ಎಂದು ತೋರಿಸಿಕೊಟ್ಟವನು ಅವನೇ. 1927ರಲ್ಲಿ ಅವನು ಕೇಳಿದ: ಬೇರೆ ಬೇರೆ ಭಾವನೆಗಳಲ್ಲಿ ಒಳಗಿನ ಅಂಗಗಳು ಒಂದೇ ಬಗೆಯಲ್ಲಿ ವರ್ತಿಸುವುದಾದರೆ, ಅಂಗಗಳಿಂದಲೇ ಭಾವನೆ ಹುಟ್ಟುತ್ತದೆ ಎಂದು ಹೇಳುವುದು ಹೇಗೆ? ಅವನಿಗೆ ಬೆಂಬಲವಾಗಿ ಸ್ಪೇನಿನ ವೈದ್ಯ ಮರಾನ್ಯೋನ್ ನಡೆಸಿದ ಪ್ರಯೋಗವಿತ್ತು. 1924ರ ಆ ಪ್ರಯೋಗದಲ್ಲಿ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಅಡ್ರಿನಲಿನ್ ಚುಚ್ಚಿದಾಗ, ಹೆಚ್ಚಿನವರು ಎದೆಬಡಿತ, ನಡುಕ ಇದೆ ಎಂದರಷ್ಟೇ. ಕೆಲವರು ಹೆದರಿದ ಹಾಗೆ ಇದೆ, ಆದರೆ ಹೆದರಿಕೆ ಇಲ್ಲ ಎಂದರು. ಮೈ ತಯಾರಾಗಿತ್ತು, ಕಾರಣ ಇರಲಿಲ್ಲ.

1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಈ ಎರಡು ತುದಿಗಳನ್ನು ಸೇರಿಸಲು ಯತ್ನಿಸಿದರು. ಮೈಯ ಉದ್ರೇಕ ಮತ್ತು ಸುತ್ತಲಿನ ಸಂದರ್ಭದಿಂದ ಮನಸ್ಸು ಮಾಡಿಕೊಳ್ಳುವ ಅರ್ಥ - ಎರಡೂ ಕೂಡಿದರೆ ಭಾವನೆ ಎಂದರು. ಅವರ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅಷ್ಟೇ ಸ್ಪಷ್ಟ ಫಲಿತಾಂಶ ಸಿಗಲಿಲ್ಲ. ಆದರೂ ಮೈ ಮತ್ತು ಮನಸ್ಸು ಒಂದಕ್ಕೊಂದು ಎಡೆಬಿಡದೆ ಸುದ್ದಿ ಮುಟ್ಟಿಸುತ್ತವೆ ಎಂಬ ನೋಟ ಉಳಿದುಕೊಂಡಿತು. ಹೃದಯ, ಜಠರ, ಕರುಳುಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಬಹುಪಾಲು ತಂತುಗಳು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಕರುಳು ಚುರ್ರೆಂದದ್ದು ಮಿದುಳಿಗೆ ನಿಜಕ್ಕೂ ಗೊತ್ತಾಗುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಹೊಡೆತವೂ ಸಣ್ಣದಲ್ಲ. 1990ರಲ್ಲಿ ಜಪಾನಿನ ವೈದ್ಯರು ತಾಕೊತ್ಸುಬೊ ಎಂಬ ಹೃದಯದ ಕಾಯಿಲೆಯನ್ನು ಗುರುತಿಸಿದರು. ತೀವ್ರ ದುಃಖ ಅಥವಾ ಆಘಾತದ ಬೆನ್ನಿಗೆ ಹೃದಯದ ಎಡ ಕೋಣೆ ಅಲ್ಲಿನವರು ಅಷ್ಟಪದಿ ಹಿಡಿಯುವ ಗಡಿಗೆಯ ಆಕಾರಕ್ಕೆ ಉಬ್ಬಿಬಿಡುತ್ತದೆ. ಲಕ್ಷಣಗಳೆಲ್ಲ ಹೃದಯಾಘಾತದವೇ, ಆದರೆ ರಕ್ತನಾಳದಲ್ಲಿ ಅದಕ್ಕೆ ಕಾರಣವಾಗುವ ತಡೆಯಿರುವುದಿಲ್ಲ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ಎದೆ ಒಡೆಯಿತು ಎಂಬುದನ್ನು ಕವಿಗಳ ಉತ್ಪ್ರೇಕ್ಷೆ ಎಂದುಕೊಂಡಿದ್ದವರು ಈಗ ಸ್ವಲ್ಪ ಯೋಚಿಸಬೇಕಾಗಿದೆ.

ಅಕ್ಕಿಯ ಪರೀಕ್ಷೆ, ಯಂತ್ರದ ಪರೀಕ್ಷೆ

ಇಷ್ಟರವರೆಗೆ ನಾಡಿ ಹಿಡಿದದ್ದು ಗುಣಪಡಿಸುವುದಕ್ಕಾಗಿ. ಆದರೆ ಮೈಯನ್ನು ಓದುವ ವಿದ್ಯೆಗೆ ಇನ್ನೊಂದು ದಾರಿಯೂ ಇತ್ತು.

ನಮ್ಮ ಧರ್ಮಶಾಸ್ತ್ರಗಳು ಹೇಳುವ ದಿವ್ಯಗಳಲ್ಲಿ ತಂಡುಲ ದಿವ್ಯವೂ ಒಂದು. ಕಳವಿನ ಶಂಕೆಗೆ ಒಳಗಾದವರು ಅಕ್ಕಿಯನ್ನು ಅಗಿದು ಉಗುಳಬೇಕು. ಭಾರತದ ಈ ಪದ್ಧತಿಯನ್ನು ಕ್ಯಾನನ್ ತನ್ನ 1915ರ ಪುಸ್ತಕದಲ್ಲಿ ಉದಾಹರಿಸುತ್ತಾನೆ: ಅಕ್ಕಿಯನ್ನು ಅರಳಿ ಎಲೆಯ ಮೇಲೆ ಒಣದಾಗಿ ಉಗುಳಿದವನು ಕಳ್ಳ. ಹೆದರಿದವನ ಬಾಯಲ್ಲಿ ಜೊಲ್ಲು ಆರಿಹೋಗುತ್ತದೆ ಎಂಬುದು ಅದರ ಹಿಂದಿನ ಶರೀರಶಾಸ್ತ್ರ. ಆದರೆ ಹತ್ತು ಜನರ ನಡುವೆ ಕಳ್ಳನೆಂಬ ಶಂಕೆ ಹೊತ್ತು ನಿಂತ ನಿರಪರಾಧಿಯ ಬಾಯಿ ಆರುವುದಿಲ್ಲವೇ? ಅಕ್ಕಿ ಭಯವನ್ನು ಅಳೆದೀತು, ಅಪರಾಧವನ್ನು ಅಳೆಯಲಾರದು.

1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪೊಲೀಸ್ ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ರಕ್ತದೊತ್ತಡ, ಉಸಿರುಗಳನ್ನು ಒಟ್ಟಿಗೆ ದಾಖಲಿಸುವ ಯಂತ್ರ ಕಟ್ಟಿದ. ಮುಂದೆ ಅಂಗೈಯ ಬೆವರೂ ಅದರ ಲೆಕ್ಕಕ್ಕೆ ಸೇರಿತು. ಇದೇ ಪಾಲಿಗ್ರಾಫ್, ಜನರ ಬಾಯಲ್ಲಿ ಸುಳ್ಳುಪತ್ತೆ ಯಂತ್ರ. ಗ್ಯಾಲೆನ್ ಬೆರಳಿನಿಂದ ಅಳೆದದ್ದನ್ನು ಇದು ಸೂಜಿಯಿಂದ ಅಳೆಯಿತು. ಆದರೆ ಸುಳ್ಳಿಗೆಂದೇ ಪ್ರತ್ಯೇಕವಾದ ನಾಡಿ ಇಲ್ಲ. ರಕ್ತದೊತ್ತಡ ನೋಡಿ ಸುಳ್ಳು ಹಿಡಿಯುವ ಪರೀಕ್ಷೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಅಮೆರಿಕದ ನ್ಯಾಯಾಲಯವೊಂದು 1923ರಲ್ಲಿ, ಫ್ರೈ ಮೊಕದ್ದಮೆಯಲ್ಲಿ, ನಿರಾಕರಿಸಿತು. 2003ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ ಈ ಪರೀಕ್ಷೆಯ ವೈಜ್ಞಾನಿಕ ತಳಹದಿ ದುರ್ಬಲವೆಂದು ಹೇಳಿತು.

ನಮ್ಮಲ್ಲಿ 2000ರ ದಶಕದಲ್ಲಿ ಪಾಲಿಗ್ರಾಫ್, ಮಿದುಳಿನ ಅಲೆಗಳ ಪರೀಕ್ಷೆ, ಮಂಪರು ಪರೀಕ್ಷೆಗಳ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಇರುತ್ತಿತ್ತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ದೇಶದ ತುಂಬ ಕೇಳಿಬಂತು. ಕೊನೆಗೆ ನಮ್ಮ ರಾಜ್ಯದ ಹೆಸರನ್ನೇ ಹೊತ್ತ ಮೊಕದ್ದಮೆಯಲ್ಲಿ ಇದು ಇತ್ಯರ್ಥವಾಯಿತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಈ ಮೂರರಲ್ಲಿ ಯಾವ ಪರೀಕ್ಷೆಯನ್ನೂ ಬಲವಂತವಾಗಿ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿ ಮತ್ತು 21ನೆಯ ವಿಧಿ ಇದಕ್ಕೆ ಆಧಾರ. ಬಾಯಿಯನ್ನು ಬಲವಂತ ಮಾಡಬಾರದೆಂದ ಮೇಲೆ ನಾಡಿಯನ್ನು, ಬೆವರನ್ನು ಬಲವಂತ ಮಾಡುವುದೂ ಸಲ್ಲದು ಎಂಬುದು ಈ ತೀರ್ಪಿನ ಇಂಗಿತ.

ಠಾಣೆಯ ಮೆಟ್ಟಿಲು ಹತ್ತಿದ ಬಡವ, ತನ್ನ ಹೆಸರು ಹೇಳುವಾಗಲೇ ತೊದಲುವವನು, ಅಧಿಕಾರಿಯ ಮುಂದೆ ಯಾವತ್ತೂ ಕುರ್ಚಿಯಲ್ಲಿ ಕೂರದವನು - ಇವರೆಲ್ಲರ ಅಂಗೈ ಬೆವರುತ್ತದೆ. ಆ ಬೆವರಿನಲ್ಲಿ ತಲೆಮಾರುಗಳ ಅಂಜಿಕೆ ಇರುತ್ತದೆ. ಅದನ್ನು ತಪ್ಪೊಪ್ಪಿಗೆ ಎಂದು ಓದುವವರಿಗೆ ಶರೀರಶಾಸ್ತ್ರವೂ ಗೊತ್ತಿಲ್ಲ, ಸಮಾಜಶಾಸ್ತ್ರವೂ ಗೊತ್ತಿಲ್ಲ.

ಕೇಳಬೇಕಾದ ಎರಡನೆಯ ಪ್ರಶ್ನೆ

ಆಸ್ಪತ್ರೆಗಳ ಸಾಲಿನಲ್ಲಿ ನಿಂತರೆ ಇದರ ಇನ್ನೊಂದು ಮುಖ ಕಾಣುತ್ತದೆ. ಎದೆ ಭಾರ, ತಲೆ ಸುತ್ತು, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಉರಿ ಎಂದು ಹೇಳಿಕೊಳ್ಳುವ ಹೆಂಗಸರು ಎಷ್ಟೋ ಮಂದಿ. ಪರೀಕ್ಷೆಯ ಚೀಟಿಗಳೆಲ್ಲ ಸರಿಯಾಗಿ ಬಂದರೆ, ಏನೂ ಇಲ್ಲ, ಎಲ್ಲ ಮನಸ್ಸಿನದು ಎಂದು ಕಳಿಸಿಬಿಡುತ್ತಾರೆ. ಮನೆಯಲ್ಲಿ ನಾಟಕ ಎನ್ನುತ್ತಾರೆ. ಮನಸ್ಸಿನದು ಎಂದರೆ ಏನೂ ಇಲ್ಲವೆಂದು ಅರ್ಥವಾದದ್ದು ಯಾವಾಗ? ಗ್ಯಾಲೆನ್‌ಗೆ ಹಾಗೆ ಅನ್ನಿಸಲಿಲ್ಲ, ಬಲ್ಖಿಗೆ ಅನ್ನಿಸಲಿಲ್ಲ, ಇಬ್ನ್ ಸೀನಾನಿಗೂ ಅನ್ನಿಸಲಿಲ್ಲ. ದುಃಖವನ್ನು ದುಃಖವೆಂದು ಹೇಳಲು ಮನೆಯಲ್ಲಿ ಅವಕಾಶವಿಲ್ಲದವಳು ಅದನ್ನು ಸೊಂಟನೋವೆಂದು ಹೇಳುತ್ತಾಳೆ. ಅವಳ ನೋವು ಸುಳ್ಳಲ್ಲ. ಮೈಗೆ ಗೊತ್ತಿರುವ ಭಾಷೆಯಲ್ಲಿ ಅದು ದೂರು ಕೊಡುತ್ತಿದೆ.

ಈ ಚರಿತ್ರೆಯುದ್ದಕ್ಕೂ ಒಂದೇ ಕೈ, ಒಂದೇ ಮಣಿಕಟ್ಟು, ಒಂದೇ ಬಡಿತ. ನಾಡಿಯೊಳಗೆ ಏನೋ ಕಲಕಿದೆ ಎಂಬಷ್ಟನ್ನು ಮೈ ಹೇಳುತ್ತದೆ. ಏಕೆ ಕಲಕಿದೆ ಎಂಬುದನ್ನು ಆ ಮನುಷ್ಯನನ್ನೇ ಕೇಳಿ ತಿಳಿಯಬೇಕು. ಗ್ಯಾಲೆನ್ ನಾಲ್ಕು ದಿನ ಕಾದ. ಇಬ್ನ್ ಸೀನಾ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಕುಳಿತ. ಲೆಕ್ಕ ತಪ್ಪಿದ ಗುಲಾಮನಿಗೆ ಮದ್ದಾದದ್ದು ಯಾವ ಕಷಾಯವೂ ಅಲ್ಲ, ಒಡೆಯನ ಒಂದು ಅಭಯದ ಮಾತು. ಇಂದು ಒಬ್ಬ ರೋಗಿಗೆ ಸಿಗುವ ಸಮಯ ಕೆಲವೇ ನಿಮಿಷಗಳದು, ಆರೋಪಿಗೆ ಸಿಗುವ ಸಹಾನುಭೂತಿ ಅದಕ್ಕಿಂ‌ತಲೂ ಕಡಿಮೆ. ಯಂತ್ರಗಳು ಹೆಚ್ಚಿವೆ, ಬಡಿತವನ್ನು ಇನ್ನೂ ನಿಖರವಾಗಿ ಎಣಿಸುತ್ತವೆ. ಎಣಿಸಿದ ಮೇಲೆ, ಏನಾಯಿತಮ್ಮಾ ಎಂದು ಕೇಳುವವರು ಒಬ್ಬರಾದರೂ ಬೇಕಲ್ಲ.